ಸಹಾಯ ಬೇಕು: ಅಪ್ಪ-ಮಗ ಇಬ್ಬರ ಕುಡಿತವನ್ನೂ ಒಟ್ಟಿಗೆ ಬಿಡಿಸಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಮಗ ಒಂಬತ್ತನೇ ಕ್ಲಾಸು. ಹಾಸನದ ಕಡೆ ಹಳ್ಳಿ. ಹೋದ ವಾರ ಅವನ ಸ್ಕೂಲ್ ಬ್ಯಾಗಲ್ಲಿ, ಜಾಮಿಟ್ರಿ ಬಾಕ್ಸಿನ ಕೆಳಗೆ, 90 ಎಂಎಲ್‌ನ ಎರಡು ಖಾಲಿ ಮದ್ಯದ ಪ್ಯಾಕೆಟ್ ಸಿಕ್ಕಿದವು. ಅಕ್ಕ ಮೊದಲು ಜ್ಯೂಸಿನದು ಅಂದುಕೊಂಡಿದ್ದಳು.

ಭಾವ ದಿನಾ ಕುಡಿಯುತ್ತಾರೆ. ಪ್ಯಾಕೆಟ್ ತರೋಕೆ ಕಳಿಸುವುದೂ ಇವನನ್ನೇ. ಊರಹಬ್ಬದ ಬಾಡೂಟದಲ್ಲಿ ದೊಡ್ಡವರೇ "ಗಂಡು ಹುಡುಗ, ಒಂದು ಗುಟುಕು ಕುಡೀಲಿ ಬಿಡು" ಅಂತ ಲೋಟ ಕೊಟ್ಟಿದ್ದನ್ನು ನಾನೇ ನೋಡಿದ್ದೇನೆ. ಆಗ ಸುಮ್ನಿದ್ದೆ. ಅದು ನನ್ನ ತಪ್ಪು. ಈಗ ಹುಡುಗನಿಗೆ ಮಾತ್ರ ಹೊಡೆದರೆ ಏನು ಬಂತು, ಅಲ್ವಾ?

ಮಕ್ಕಳಿಗೆ ಮದ್ಯ ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ 7 ವರ್ಷದವರೆಗೆ ಜೈಲು ಇದೆ. ಆದರೆ ಮನೆಯವರ ಮೇಲೆ ಕೇಸು ಅಂದರೆ ಅಕ್ಕ ಅಳುತ್ತಾಳೆ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬೇಕು ಅಂತಿದ್ದೇನೆ. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೆ ಅಪ್ಪ-ಮಗನನ್ನು ಒಟ್ಟಿಗೆ ಕರೆದುಕೊಂಡು ಹೋದವರು ಯಾರಾದರೂ ಇದ್ದರೆ ಹೇಳಿ. ಅಪ್ಪನನ್ನು ಹೇಗೆ ಒಪ್ಪಿಸಿದಿರಿ? ಶಾಲೆಯಲ್ಲಿ ಟೀಚರಿಗೆ ಹೇಳಿದರೆ ಟಿಸಿ ಕೊಟ್ಟು ಕಳಿಸುತ್ತಾರಾ? ಅದೇ ಜಾಸ್ತಿ ಭಯ.