ಲೇಖಕರ ಸಂಘ ಸೇರಿದರೆ ನಿಜವಾಗಿ ಏನು ಸಿಗುತ್ತದೆ?

ಪ್ರಶ್ನೆ:
ನನ್ನ ಮೊದಲ ಕಾದಂಬರಿಯ ಕರಾರುಪತ್ರ ಬಂದಿದೆ. ಅದರಲ್ಲಿ ಎಲ್ಲ ಹಕ್ಕುಗಳನ್ನೂ, ಎಲ್ಲ ರೂಪಗಳಲ್ಲೂ, ಶಾಶ್ವತವಾಗಿ ಪ್ರಕಾಶಕರಿಗೆ ಕೊಡಬೇಕು ಅಂತಿದೆ. ಸಹಿ ಹಾಕುವ ಮೊದಲು ಲೇಖಕರ ಸಂಘ ಸೇರು ಅಂತ ಗೆಳತಿ ಹೇಳುತ್ತಿದ್ದಾಳೆ. ಸಂಘ ಅಂದರೆ ಸನ್ಮಾನ, ಭಾಷಣ, ಪದಾಧಿಕಾರಿಗಳ ಚುನಾವಣೆ ಅಷ್ಟೇ ಅಲ್ವಾ?

ಉತ್ತರ 1:
ಸಂಘದ ಮಾತು ಆಮೇಲೆ. ಸದ್ಯಕ್ಕೆ ಸಹಿ ಹಾಕಬೇಡಿ.

ಉತ್ತರ 2:
ನಾನು ಅನುವಾದಕ. ಒಂದು ಸಂಘದಲ್ಲಿ ಸದಸ್ಯರ ಕರಾರು ಓದಿಕೊಡುವ ಕೆಲಸವನ್ನೂ ಮಾಡುತ್ತೇನೆ. ಭಾಷಣ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಈ ಸಂಘಗಳು ಹುಟ್ಟಿದ್ದು ದುಡ್ಡಿನ ಜಗಳದಲ್ಲಿ.

1777ರಲ್ಲಿ ಪ್ಯಾರಿಸ್‌ನಲ್ಲಿ ನಾಟಕಕಾರ ಬೋಮಾರ್ಶೆ ಇತರ ನಾಟಕಕಾರರನ್ನು ಮನೆಗೆ ಕರೆದು ಕೂರಿಸಿಕೊಂಡ. ನಾಟಕ ಆಡುವ ಕಂಪನಿ ಅವರ ಪಾಲಿನ ಲೆಕ್ಕ ಸರಿಯಾಗಿ ಕೊಡುತ್ತಿರಲಿಲ್ಲ. 1838ರಲ್ಲಿ ಬಾಲ್ಜಾಕ್, ಹ್ಯೂಗೋ, ಜಾರ್ಜ್ ಸಾಂಡ್ ಮೊದಲಾದವರು ಅಲ್ಲೇ ಇನ್ನೊಂದು ಸಂಘ ಕಟ್ಟಿದರು. ಪತ್ರಿಕೆಗಳು ಅವರ ಬರಹವನ್ನು ಕೇಳದೆ, ಕಾಸು ಕೊಡದೆ ಮರುಮುದ್ರಣ ಮಾಡುತ್ತಿದ್ದವು.

ನನಗೆ ಜಾಸ್ತಿ ಇಷ್ಟ ಲಂಡನ್ನಿನ ಕತೆ. 1884ರಲ್ಲಿ ಕಾದಂಬರಿಕಾರ ವಾಲ್ಟರ್ ಬೆಸೆಂಟ್ ಸೊಸೈಟಿ ಆಫ್ ಆಥರ್ಸ್ ಶುರು ಮಾಡಿದ. ಅಧ್ಯಕ್ಷ ಕವಿ ಟೆನಿಸನ್. ಹೆಸರು ಕವಿಯದು, ಓಡಾಟವೆಲ್ಲ ಬೆಸೆಂಟನದು. ಆಗ ‘ಅರ್ಧ ಲಾಭ’ ಅಂತ ಒಂದು ಪದ್ಧತಿ ಇತ್ತು. ಖರ್ಚು ಕಳೆದು ಉಳಿದದ್ದರಲ್ಲಿ ಅರ್ಧ ಲೇಖಕನಿಗೆ. ಕೇಳಲು ಚೆನ್ನಾಗಿದೆ. ಆದರೆ ಖರ್ಚು ಎಷ್ಟು ಅಂತ ಹೇಳುವವನೂ ಪ್ರಕಾಶಕನೇ! ಕಾಗದ, ಅಚ್ಚು, ಜಾಹೀರಾತು ಅಂತ ಒಂದಿಷ್ಟು ಸೇರಿಸಿ ಬರೆದರೆ ಹಂಚಿಕೊಳ್ಳಲು ಏನೂ ಉಳಿಯುತ್ತಿರಲಿಲ್ಲ. ಸಂಘದವರು ಪುಸ್ತಕ ಅಚ್ಚು ಹಾಕಲು ನಿಜಕ್ಕೂ ಎಷ್ಟು ಬೀಳುತ್ತದೆ ಅಂತ ಲೆಕ್ಕ ಹಾಕಿ, ಅದನ್ನೇ ಪ್ರಕಟಿಸಿಬಿಟ್ಟರು. ಒಂಟಿ ಲೇಖಕನ ಕೈಯಲ್ಲಿ ಇದು ಆಗುವ ಕೆಲಸವಲ್ಲ.

ಈಗಲೂ ಮುಖ್ಯ ಕೆಲಸ ಅದೇ, ಲೆಕ್ಕ ಮತ್ತು ಕರಾರು ಓದುವುದು. ಅನೇಕ ಕರಾರು ಓದಿದವರಿಗೆ ಯಾವ ಸಾಲು ಮಾಮೂಲಿ, ಯಾವುದು ಅತಿಯಾಯಿತು ಅಂತ ಬೇಗ ಗೊತ್ತಾಗುತ್ತದೆ.

ಉತ್ತರ 3:
ಇಷ್ಟು ಹೊಗಳುವುದು ಬೇಡ. ಪುಸ್ತಕ ಬರೆಯುವವರು ಯಾರ ನೌಕರರೂ ಅಲ್ಲ. ಅದಕ್ಕೇ ಅಮೆರಿಕದ ಲೇಖಕರ ಸಂಘ ಆಥರ್ಸ್ ಗಿಲ್ಡ್ ಎಲ್ಲರ ಪರವಾಗಿ ಕನಿಷ್ಠ ದರ ಗೊತ್ತುಮಾಡಲು ಹೋದರೆ, ಸ್ವತಂತ್ರವಾಗಿ ದುಡಿಯುವವರು ಸೇರಿ ದರ ಕಟ್ಟುವುದನ್ನು ತಡೆಯುವ ಸ್ಪರ್ಧಾ ಕಾನೂನು ಅಡ್ಡ ಬರುತ್ತದೆ. ಅಲ್ಲಿನ ಸಿನಿಮಾ, ಟಿವಿ ಬರಹಗಾರರು ನೌಕರರ ಲೆಕ್ಕದಲ್ಲಿ ಬರುತ್ತಾರೆ. ಅವರು 2023ರಲ್ಲಿ 148 ದಿನ ಮುಷ್ಕರ ಮಾಡಿ, ಎಐ ಬಳಕೆಗೂ ಷರತ್ತು ಹಾಕಿಸಿದರು. ಕಾದಂಬರಿಕಾರರ ಸಂಘಕ್ಕೆ ಆ ಬಲ ಎಲ್ಲಿದೆ?

ಉತ್ತರ 2 ಬರೆದವರು:
ನಿಜ, ದರದ ವಿಷಯದಲ್ಲಿ ಕೈ ಕಟ್ಟಿದೆ. ಆದರೆ ಕಾನೂನು ಬದಲಾಯಿಸಲು ಒತ್ತಾಯಿಸಬಹುದಲ್ಲ. ಗ್ರಂಥಾಲಯದಿಂದ ಪುಸ್ತಕ ಎರವಲು ಹೋದಾಗ ಲೇಖಕರಿಗೆ ಹಣ ಸಿಗುವ ಪದ್ಧತಿ ಡೆನ್ಮಾರ್ಕ್‌ನಲ್ಲಿ 1946ರಲ್ಲೇ ಬಂತು. ಬ್ರಿಟನ್ನಿನಲ್ಲಿ 1951ರಲ್ಲಿ ಎದ್ದ ಬೇಡಿಕೆ ಕಾನೂನಾಗಿದ್ದು 1979ರಲ್ಲಿ, ಮೊದಲ ಹಣ ಕೈಗೆ ಬಂದಿದ್ದು 1984ರಲ್ಲಿ. ಅಲ್ಲೂ ಹಳೇ ಸಂಘದ ನಿಧಾನಕ್ಕೆ ಬೇಸತ್ತು ಲೇಖಕಿಯರಾದ ಬ್ರಿಜಿಡ್ ಬ್ರೋಫಿ, ಮೌರೀನ್ ಡಫಿ ಮುಂತಾದವರು 1972ರಲ್ಲಿ ಬೇರೆ ಗುಂಪು ಕಟ್ಟಬೇಕಾಯಿತು. ಸಂಘದ ಒಳಗೂ ಜಗಳ ಬೇಕು ಅನ್ನಿ.

ಪ್ರಶ್ನೆ ಕೇಳಿದವರು:
ಸರಿ, ಸೇರುತ್ತೇನೆ. ಅಲ್ಲಿಯವರೆಗೆ ಆ ‘ಶಾಶ್ವತವಾಗಿ’ಗೆ ಏನು ಮಾಡಲಿ?

ಉತ್ತರ 2 ಬರೆದವರು:
ಅದರ ಬದಲು ಇಷ್ಟು ವರ್ಷ ಅಂತ ಕೇಳಿ. ಮುದ್ರಣ ಮತ್ತು ಇ-ಪುಸ್ತಕದ ಹಕ್ಕು ಮಾತ್ರ ಕೊಡಿ. ಆಡಿಯೋ, ಸಿನಿಮಾ, ಅನುವಾದ, ಎಐ ತರಬೇತಿ ನಿಮ್ಮ ಹತ್ತಿರವೇ ಇರಲಿ. ಹಕ್ಕು ವಾಪಸ್ ಬರುವ ಷರತ್ತನ್ನೂ ಬರೆಸಿ. ಅಲ್ಲಿ ‘ಪ್ರತಿಗಳು ಮುಗಿದರೆ’ ಅಂತ ಸುಮ್ನೆ ಬಿಡಬೇಡಿ, ಇ-ಪುಸ್ತಕ ಮುಗಿಯುವುದೇ ಇಲ್ಲ. ವರ್ಷಕ್ಕೆ ಇಷ್ಟು ಪ್ರತಿಗಿಂತ ಕಡಿಮೆ ಮಾರಾಟವಾದರೆ ಹಕ್ಕು ನಿಮಗೆ ಅಂತ ಸಂಖ್ಯೆ ಹಾಕಿಸಿ. ಒಪ್ಪದಿದ್ದರೆ ಅವರು ಕೊಟ್ಟ ಕಾರಣ ಇಲ್ಲಿ ಬರೆಯಿರಿ, ನೋಡೋಣ.