ತೊಳೆದ ಮೇಲೆ ಕರ್ಟನ್ ಗಿಡ್ಡ ಆಯ್ತು, ಬಟ್ಟೆ ಕಳಪೆಯಾ?

ಪ್ರಶ್ನೆ (ಚಿಕ್ಕಮಗಳೂರಿನಿಂದ): ಅಣ್ಣಾ, ಬಾಗಿಲಿಗೆ 7 ಅಡಿಯ ಕಾಟನ್ ಕರ್ಟನ್ ಹೊಲಿಸಿದ್ದೆ. ಮೊದಲ ಸಲ ತೊಳೆದಿದ್ದಕ್ಕೇ 3 ಇಂಚು ಗಿಡ್ಡ ಆಗಿದೆ. ಪಾಲಿಯೆಸ್ಟರ್ ಲೈನಿಂಗ್ ಕೆಳಗೆ ಇಣುಕುತ್ತಿದೆ. ಅಂಗಡಿಯಲ್ಲಿ "ಜಿಎಸ್‌ಎಂ ಜಾಸ್ತಿ ಇದೆ, ಏನೂ ಆಗಲ್ಲ" ಅಂದಿದ್ದರು.

ಉತ್ತರ: ಅಕ್ಕಾ, ಇಷ್ಟಕ್ಕೇ ಬಟ್ಟೆ ಕಳಪೆ ಅನ್ನಲು ಆಗುವುದಿಲ್ಲ. ಜಿಎಸ್‌ಎಂ ಅಂದರೆ 1 ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನೋದು, ಅಷ್ಟೇ. ಕುಗ್ಗುತ್ತದೋ ಇಲ್ಲವೋ ಅದು ಹೇಳುವುದಿಲ್ಲ.

ಹಾಸುಹೊಕ್ಕು ಅಂತೀವಲ್ವಾ, ಅದು ಮಗ್ಗದ ಮಾತು. ಉದ್ದಕ್ಕೆ ಬಿಗಿದು ಕಟ್ಟಿದ ನೂಲು ಹಾಸು, ಅಡ್ಡ ಓಡುವುದು ಹೊಕ್ಕು. ನೇಯುವಾಗ ಹಾಸನ್ನು ಎಳೆದು ಹಿಡಿದಿರುತ್ತಾರೆ. ನೀರು ಬಿದ್ದಾಗ ಆ ಬಿಗಿ ಸಡಿಲವಾಗಿ ನೂಲು ಕುಗ್ಗುತ್ತದೆ. ಅದಕ್ಕೇ ಕಾಟನ್ ಸಾಮಾನ್ಯವಾಗಿ ಅಗಲಕ್ಕಿಂತ ಉದ್ದದಲ್ಲಿ ಜಾಸ್ತಿ ಕುಗ್ಗುತ್ತದೆ. 84 ಇಂಚಿಗೆ 3 ಇಂಚು ಅಂದರೆ ನೂರಕ್ಕೆ ಮೂರೂವರೆ. ಕಾಟನ್‌ಗೆ ಇದು ಮಾಮೂಲಿ. ಪಾಲಿಯೆಸ್ಟರ್ ಹೀಗೆ ಕುಗ್ಗುವುದಿಲ್ಲ, ಅದಕ್ಕೇ ಲೈನಿಂಗ್ ಉದ್ದ ಕಾಣುತ್ತಿದೆ.

ಹೊಲಿದವರು ಕತ್ತರಿಸುವ ಮುಂಚೆ ಬಟ್ಟೆಯನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಬೇಕಿತ್ತು. ಒಂದು ದಿನದ ಕೆಲಸ, ದಯವಿಟ್ಟು ಬಿಡಬೇಡಿ.

ಈಗ ಕೆಳಗಿನ ಮಡಿಕೆ ಬಿಚ್ಚಿ ನೋಡಿ. ಒಳಗೆ 4 ಇಂಚು ಬಟ್ಟೆ ಇದ್ದರೆ 3 ಇಂಚು ಇಳಿಸಿ, ಹಿಂದೆ ಬೇರೆ ಪಟ್ಟಿ ಕೊಟ್ಟು ಹೊಲಿಸಿ. ಲೈನಿಂಗ್ ಕರ್ಟನ್‌ಗಿಂತ 1 ಇಂಚು ಮೇಲೇ ನಿಲ್ಲಲಿ.

ಮುಂದಿನ ಸಲ ಎರಚಲು ಹೊಡೆಯುವ ಕಿಟಕಿಗೆ ಪಾಲಿಯೆಸ್ಟರ್ ಬೆರೆತ ಕಾಟನ್ ತಗೊಳ್ಳಿ. ನಮ್ಮ ಕಡೆಯ ಜುಲೈ ಮಳೆಯಲ್ಲಿ ಬರೀ ಕಾಟನ್ ಬೇಗ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಹಾಲ್‌ಗೆ ಮಾತ್ರ ನನ್ನ ಆಯ್ಕೆ ಈಗಲೂ ಕಾಟನ್ನೇ. ಅದರ ನೆರಿಗೆ ಬೀಳುವ ಅಂದವೇ ಬೇರೆ.

ಪ್ರಶ್ನೆ (ಹಾಸನದಿಂದ): ಸರ್, ನಮ್ಮ ಸೋಫಾಗೆ ಒಂದೇ ಥಾನಿನ ವೆಲ್ವೆಟ್ ಹಾಕಿಸಿದೆವು. ಒಂದು ಕುಶನ್ ಮಾತ್ರ ಬಣ್ಣ ಕಪ್ಪಗೆ ಕಾಣುತ್ತದೆ.

ಉತ್ತರ: ಕೈಯಿಂದ ಸವರಿ ನೋಡಿ ಸರ್. ಬೇರೆ ಕುಶನ್ ನುಣ್ಣಗಿರುವ ಕಡೆಗೇ ಇದು ಒರಟಾಗಿದ್ದರೆ, ಆ ತುಂಡನ್ನು ತಿರುಗಿಸಿ ಕತ್ತರಿಸಿದ್ದಾರೆ. ವೆಲ್ವೆಟ್ ಮೇಲಿನ ನವಿರು ಒಂದೇ ಕಡೆ ಮಲಗಿರುತ್ತದೆ. ದಿಕ್ಕು ಬದಲಾದರೆ ಬೆಳಕು ಬೀಳುವ ರೀತಿ ಬದಲಾಗುತ್ತದೆ, ಬಣ್ಣ ಅದೇ. ಚೌಕದ ಕುಶನ್ ಆದರೆ ಕವರ್ ತೆಗೆದು ತಿರುಗಿಸಿ ಹಾಕಿ ನೋಡಿ, ಸರಿಹೋಗಬಹುದು.