ಗೋಡೆ ತೇವ: ನಮ್ಮ ಅಡ್ಡರಸ್ತೆಗೆ ಮತ್ತೆ ಡಾಂಬರು ಹಾಕುವ ಮುಂಚೆ

ಮನೆ ನಂ. 27
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮ ಅಡ್ಡರಸ್ತೆಗೆ ಮತ್ತೆ ಡಾಂಬರು ಹಾಕುತ್ತಾರಂತೆ. ಗುಂಡಿ ಮುಚ್ಚುತ್ತವೆ, ಸಂತೋಷವೇ. ಆದರೆ ಸುದ್ದಿ ಕೇಳಿದಾಗಿನಿಂದ ನನಗೆ ಚಿಂತೆ ಶುರುವಾಗಿದೆ.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಬೀದಿಯಿಂದ ಜಗಲಿಗೆ ಮೂರು ಮೆಟ್ಟಿಲಿದ್ದವು. ಈಗ ಒಂದೇ ಇದೆ. ಉಳಿದೆರಡು ಡಾಂಬರಿನ ಕೆಳಗಿವೆ. ಹಳೇದನ್ನು ಕೆತ್ತಿ ತೆಗೆಯದೆ ಪ್ರತಿ ಸಲ ಒಂದೂವರೆ, ಎರಡು ಇಂಚು ಮೇಲೆ ಮೇಲೆ ಹಾಕುತ್ತಾ ಬಂದರೆ ಇನ್ನೇನಾಗುತ್ತದೆ? ಮೈಸೂರಿನ ಅಕ್ಟೋಬರ್ ಮಳೆ ನಿಮಗೆಲ್ಲ ಗೊತ್ತೇ ಇದೆ. ರಸ್ತೆ ನೀರು ಚರಂಡಿಗೆ ಹೋಗುವ ಬದಲು ನಮ್ಮ ಜಗಲಿ ಬುಡದಲ್ಲಿ ನಿಲ್ಲುತ್ತದೆ. ಹಜಾರದ ಗೋಡೆ ಸೊಂಟದ ಮಟ್ಟದವರೆಗೆ ಒದ್ದೆ. ಬಿಳಿ ಉಪ್ಪು ಎದ್ದಿದೆ. ಕೈಯಿಟ್ಟರೆ ಗಾರೆ ಪುಡಿಯಾಗಿ ಉದುರುತ್ತದೆ.

ಯಾರ್ಯಾರ ಮನೆಯಲ್ಲಿ ಹೀಗಿದೆ? ಮನೆ ನಂಬರ್, ಯಾವ ಗೋಡೆ, ನೆಲದಿಂದ ಎಷ್ಟು ಅಡಿ ಎತ್ತರ ಅಂತ ಬರೆಯಿರಿ. ಎಲ್ಲ ಸೇರಿಸಿ ಒಂದೇ ಅರ್ಜಿ ಕೊಡೋಣ.

ಮನೆ ನಂ. 14
ಅಕ್ಕ, ನಮ್ಮದು ಬೀದಿ ಕಡೆ ಗೋಡೆ, ನಾಲ್ಕೂವರೆ ಅಡಿ. ಮೊದಲು ಎರಡೇ ಅಡಿ ಇತ್ತು. ಮೂರು ವರ್ಷದ ಹಿಂದೆ ಹಳೇ ಸುಣ್ಣದ ಗಾರೆ ಕೆರೆಸಿ ಸಿಮೆಂಟ್ ಹಾಕಿಸಿದೆ. ಮೇಲೆ ಪುಟ್ಟಿ, ಅದರ ಮೇಲೆ ವಾಟರ್‌ಪ್ರೂಫ್ ಪೇಂಟ್. ಒಂದು ವರ್ಷ ಚೆನ್ನಾಗಿತ್ತು. ಆಮೇಲೆ ಸಿಮೆಂಟ್ ಎಲ್ಲಿಗೆ ನಿಲ್ಲುತ್ತದೋ ಸರಿಯಾಗಿ ಅದರ ಮೇಲೆ ತೇವ ಕಾಣಿಸಿಕೊಂಡಿತು. ಪೇಂಟು ಗುಳ್ಳೆ ಎದ್ದಿದೆ. ಕೊಟ್ಟ ದುಡ್ಡೆಲ್ಲ ಹೋಯಿತು.

ಮನೆ ನಂ. 31
14ನೇ ಮನೆಯವರು ಬರೆದದ್ದನ್ನು ಎಲ್ಲರೂ ಇನ್ನೊಮ್ಮೆ ಓದಬೇಕು. ನಮ್ಮ ಬೀದಿಯ ಮುಕ್ಕಾಲು ಮನೆಗಳು ಇಟ್ಟಿಗೆ, ಸುಣ್ಣದ ಗಾರೆಯವು. ಇಟ್ಟಿಗೆ ನೆಲದ ನೀರನ್ನು ಹೀರಿಕೊಳ್ಳುತ್ತದೆ, ದೀಪದ ಬತ್ತಿ ಎಣ್ಣೆ ಹೀರುವ ಹಾಗೆ. ಸುಣ್ಣದ ಗಾರೆಯಾದರೆ ಆ ನೀರು ಗೋಡೆಯ ಮೈಯಿಂದಲೇ ಆರಿಹೋಗುತ್ತದೆ. ಸಿಮೆಂಟ್ ಬಳಿದರೆ ಆರಲು ದಾರಿಯಿಲ್ಲ. ನೀರು ಇನ್ನೂ ಮೇಲಕ್ಕೆ ಹತ್ತುತ್ತದೆ. ನೀರಿನ ಜೊತೆ ಬಂದ ಉಪ್ಪು ಗೋಡೆಯೊಳಗೆ ಹರಳುಗಟ್ಟಿ ಇಟ್ಟಿಗೆಯ ಮೈಯನ್ನೇ ಒಡೆಯುತ್ತದೆ.

ಆದ್ದರಿಂದ ದಯವಿಟ್ಟು ಯಾರೂ ಒದ್ದೆ ಗೋಡೆ ಮೇಲೆ ಸಿಮೆಂಟ್ ಆಗಲಿ, ಪುಟ್ಟಿ ಆಗಲಿ ಬಳಿಸಬೇಡಿ. ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ನೋಡಿ.

ಮನೆ ನಂ. 5, ಮಹಡಿ
ಸರ್, ನಾವು ಬಾಡಿಗೆಗೆ ಇರೋದು ಮಹಡಿಯಲ್ಲಿ. ನೆಲದ ನೀರು ಇಲ್ಲಿವರೆಗೆ ಬರಲ್ಲ ಅಲ್ವಾ? ಆದರೂ ಮಲಗೋ ಕೋಣೆಯಲ್ಲಿ ಬೀರುವಿನ ಹಿಂದೆ ಕಪ್ಪು ಬೂಷ್ಟು. ಮಗುವಿಗೆ ಕೆಮ್ಮು ನಿಲ್ಲುತ್ತಿಲ್ಲ.

ಮನೆ ನಂ. 31
ನಿಮ್ಮದು ಬೇರೆ ಕಾರಣ ಇರಬಹುದಮ್ಮ. ಒಂದು ಸುಲಭದ ಪರೀಕ್ಷೆ ಇದೆ. ಅಡುಗೆಮನೆಯಲ್ಲಿ ಚಪಾತಿ ಸುತ್ತುವ ಫಾಯಿಲ್ ಒಂದು ಅಡಿ ಉದ್ದಗಲ ಕತ್ತರಿಸಿ ಗೋಡೆಗೆ ಒತ್ತಿ, ನಾಲ್ಕೂ ಅಂಚಿಗೆ ಟೇಪ್ ಹಾಕಿ. ಎರಡು ದಿನ ಬಿಟ್ಟು ನೋಡಿ. ಫಾಯಿಲ್ ಹಿಂದೆ ಹನಿ ಇದ್ದರೆ ನೀರು ಗೋಡೆಯೊಳಗಿನದು. ಮುಂದೆ, ಅಂದರೆ ಕೋಣೆ ಕಡೆ ಹನಿ ಇದ್ದರೆ ಅದು ಕೋಣೆಯ ಗಾಳಿಯಲ್ಲಿರುವ ತೇವ. ಬೀರುವನ್ನು ಗೋಡೆಯಿಂದ ನಾಲ್ಕು ಇಂಚು ಎಳೆದಿಡಿ. ಬಟ್ಟೆ ಒಳಗೆ ಒಣಗಿಸಬೇಡಿ. ಬೆಳಿಗ್ಗೆ ಅರ್ಧ ಗಂಟೆಯಾದರೂ ಎದುರುಬದುರು ಕಿಟಕಿ ತೆಗೆಯಿರಿ. ಬೂಷ್ಟು ಒರೆಸುವಾಗ ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ, ಮಗು ಆ ಕೋಣೆಯಲ್ಲಿ ಇರಬಾರದು. ಕೆಮ್ಮು ಹಾಗೇ ಇದ್ದರೆ ಡಾಕ್ಟರಿಗೆ ತೋರಿಸಿ, ಗೋಡೆಯ ವಿಷಯವನ್ನೂ ಹೇಳಿ.

ಮನೆ ನಂ. 9
ನಮ್ಮ ಮನೆ ಗೋಡೆ ಪರವಾಗಿಲ್ಲ. ತಾರಸಿಯದೇ ಭಯ. ಮದ್ರಾಸ್ ತಾರಸಿ, ತೇಗದ ಜಂತೆ. ನಡುಮನೆಯಲ್ಲಿ ಒಂದು ಜಂತೆಯ ತುದಿ ಗೋಡೆ ಸೇರುವ ಕಡೆ ಕಪ್ಪಾಗಿದೆ. ಮೇಲೆ ಕಾಂಕ್ರೀಟ್ ಹಾಕಿಸಿಬಿಡಿ, ಸೋರೋದು ನಿಲ್ಲುತ್ತೆ ಅಂತ ಒಬ್ಬರು ಹೇಳಿದರು.

ಮನೆ ನಂ. 22
ಬೇಡ ಸ್ವಾಮಿ, ಖಂಡಿತ ಬೇಡ. ನಮ್ಮಪ್ಪ ಗಾರೆ ಕೆಲಸದವರು. ಚಿಕ್ಕವನಿದ್ದಾಗ ಅವರ ಜೊತೆ ಇಂಥ ತಾರಸಿಗಳನ್ನು ಹತ್ತಿ ಇಳಿದವನು ನಾನು. ಜಂತೆ ಮೇಲೆ ಸಣ್ಣ ಇಟ್ಟಿಗೆಗಳನ್ನು ಓರೆಯಾಗಿ, ಮಗ್ಗುಲಿಗೆ ನಿಲ್ಲಿಸಿ ಸುಣ್ಣದಲ್ಲಿ ಕೂರಿಸಿರುತ್ತಾರೆ. ಅದರ ಮೇಲೆ ಇಟ್ಟಿಗೆ ಜಲ್ಲಿ, ಸುಣ್ಣ. ಅದನ್ನು ಹೆಂಗಸರು ಸಾಲಾಗಿ ಕೂತು, ಅಳಲೆಕಾಯಿ ಬೆಲ್ಲದ ನೀರು ಚಿಮುಕಿಸುತ್ತಾ ಮರದ ಹಲಗೆಯಲ್ಲಿ ದಿನಗಟ್ಟಲೆ ಬಡಿಯುತ್ತಿದ್ದರು. ಆ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಅಷ್ಟು ಶ್ರದ್ಧೆಯಿಂದ ಮಾಡಿದ ತಾರಸಿಗಳು ಇವು. ಅದರ ಮೇಲೆ ಕಾಂಕ್ರೀಟಿನ ಭಾರ ಹೇರಿದರೆ ಮೊದಲೇ ಮೆತ್ತಗಾದ ಜಂತೆ ತಡೆಯಲ್ಲ.

ಜಂತೆಯ ತುದಿಗೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ಸುಲಭವಾಗಿ ಒಳಗೆ ಹೋದರೆ ಅದರ ಕೆಳಗೆ ಯಾರೂ ಮಲಗಬೇಡಿ. ಆಸರೆಗೆ ಕಂಬ ಕೊಡಿಸಿ, ಹಳೇ ಕಟ್ಟಡ ಗೊತ್ತಿರುವ ಎಂಜಿನಿಯರ್‌ಗೆ ತೋರಿಸಿ. ಇದು ನಾವೇ ಮಾಡಿಕೊಳ್ಳುವ ಕೆಲಸ ಅಲ್ಲ. 2012ರಲ್ಲಿ ನಮ್ಮ ಊರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜೀವ ಹೋಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಎರಡೂ ಆಗಸ್ಟ್ ತಿಂಗಳಲ್ಲೇ.

ನಾವೇ ಮಾಡಿಕೊಳ್ಳುವಂಥದ್ದೂ ಇದೆ. ತಾರಸಿಯ ನೀರು ಹೋಗುವ ತೂತುಗಳಲ್ಲಿ ಕಸ ತೆಗೆಯಿರಿ. ಕೈಪಿಡಿ ಗೋಡೆಯಲ್ಲಿ ಅರಳಿ ಸಸಿ ಹುಟ್ಟಿದ್ದರೆ ಬೆರಳುದ್ದ ಇರುವಾಗಲೇ ಬೇರುಸಮೇತ ಕೀಳಿ.

ಮನೆ ನಂ. 27
ಅಣ್ಣ, ಕೆಳಗಿನ ಗೋಡೆಗೆ ಏನು ಮಾಡಬೇಕು ಅಂತಲೂ ಹೇಳಿಬಿಡಿ. ನನ್ನ ಕೈಯಲ್ಲಿ ಆಗುವಂಥದ್ದು.

ಮನೆ ನಂ. 22
ಆಗುತ್ತದೆ ಅಕ್ಕ, ಅವಸರ ಮಾಡದಿದ್ದರೆ. ತೇವದ ಗುರುತಿಗಿಂತ ಒಂದು ಅಡಿ ಮೇಲಿನವರೆಗೆ ಹಾಳಾದ ಗಾರೆ, ಸಿಮೆಂಟ್ ಎಲ್ಲ ಕೆತ್ತಿ ತೆಗೆಯಬೇಕು. ಉಪ್ಪನ್ನು ಒಣ ಬ್ರಷ್‌ನಲ್ಲಿ ಉಜ್ಜಿ, ಮೊರದಲ್ಲಿ ಹಿಡಿದು ಆಚೆ ಹಾಕಿ. ನೀರು ಹಾಕಿ ತೊಳೆಯಬಾರದು, ತೊಳೆದರೆ ಉಪ್ಪು ಕರಗಿ ವಾಪಸ್ ಗೋಡೆಯೊಳಗೆ ಹೋಗುತ್ತದೆ. ಆಮೇಲೆ ಗೋಡೆಯನ್ನು ಹಾಗೇ ಬಿಡಿ. ಇದೇ ಎಲ್ಲರಿಗೂ ಕಷ್ಟ. ಗೋಡೆ ದಪ್ಪ ಎಷ್ಟು ಇಂಚೋ ಹೆಚ್ಚುಕಡಿಮೆ ಅಷ್ಟು ತಿಂಗಳು ಆರಲು ಬೇಕು. ಪೂರ್ತಿ ಆರದಿದ್ದರೂ ಡಿಸೆಂಬರ್‌ನಲ್ಲಿ ಕೆತ್ತಿ, ಏಪ್ರಿಲ್ ಹೊತ್ತಿಗೆ ಗಾರೆ ಮಾಡಿದರೆ ಮೇ ತಿಂಗಳ ಗುಡುಗು ಮಳೆಗೆ ಮುಂಚೆ ಮುಗಿಯುತ್ತದೆ. ನೆಂಟರು ಬರುತ್ತಾರೆ, ಇಟ್ಟಿಗೆ ಕಾಣುತ್ತದೆ ಅಂತ ಮುಚ್ಚಲು ಹೋಗಬೇಡಿ.

ಗಾರೆಗೆ ಅರಳಿಸಿದ ಸುಣ್ಣ ಒಂದು ಪಾಲು, ತೊಳೆದ ಮರಳು ಮೂರು ಪಾಲು. ಮರಳಿನಲ್ಲಿ ಸ್ವಲ್ಪ ಕಡಿಮೆ ಮಾಡಿ ಇಟ್ಟಿಗೆ ಪುಡಿ ಸೇರಿಸಿದರೆ ಒದ್ದೆ ಜಾಗದಲ್ಲೂ ಗಟ್ಟಿಯಾಗುತ್ತದೆ. ಗೋಡೆಗೆ ನೀರು ಚಿಮುಕಿಸಿ, ಅರ್ಧ ಇಂಚಿಗಿಂತ ತೆಳ್ಳಗೆ ಒಂದು ಪದರ, ಅದು ಬಿಗಿದ ಮೇಲೆ ಇನ್ನೊಂದು. ಒಂದು ವಾರ ಬೆಳಿಗ್ಗೆ ಸಂಜೆ ನೀರು ಚಿಮುಕಿಸಬೇಕು. ಕೊನೆಗೆ ಸುಣ್ಣವನ್ನೇ ತೆಳ್ಳಗೆ ಮೂರು ನಾಲ್ಕು ಸಲ ಬಳಿಯಿರಿ, ಪೇಂಟ್ ಬೇಡ. ಗೋಡೆಯಲ್ಲಿ ಉಪ್ಪು ಉಳಿದಿದ್ದರೆ ಕೆಲವು ವರ್ಷದಲ್ಲಿ ಆ ಗಾರೆ ಮತ್ತೆ ಉದುರಬಹುದು. ಉದುರಲಿ, ಇಟ್ಟಿಗೆ ಉಳಿಯುತ್ತದೆ. ಗಾರೆಯನ್ನು ಮತ್ತೆ ಮಾಡಿಕೊಳ್ಳಬಹುದು, ಇಟ್ಟಿಗೆಯನ್ನು ಆಗಲ್ಲ.

ಸುಟ್ಟ ಕಲ್ಲುಸುಣ್ಣ ತಂದು ಅರಳಿಸುವುದನ್ನು ಮಾತ್ರ ನನಗೆ ಬಿಡಿ. ನೀರಿಗೆ ಬಿದ್ದ ಕೂಡಲೇ ಕೊತಕೊತ ಕುದಿಯುತ್ತದೆ. ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು. ನೀರಿಗೆ ಸುಣ್ಣ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು. ಪ್ಲಾಸ್ಟಿಕ್ ಬಕೆಟ್ ಅಲ್ಲ, ಕಬ್ಬಿಣದ ಡ್ರಮ್ ಬೇಕು. ನಮ್ಮ ಹಿತ್ತಲಲ್ಲಿ ಒಂದೇ ಸಲ ಎಲ್ಲರಿಗೂ ಅರಳಿಸಿಡುತ್ತೇನೆ. ನೀರಿನಡಿ ಇಟ್ಟಷ್ಟೂ ದಿನ ಬೆಣ್ಣೆಯ ಹಾಗೆ ಆಗುತ್ತದೆ. ಮಕ್ಕಳನ್ನು ಆ ಕಡೆ ಕಳಿಸಬೇಡಿ. ಸುಣ್ಣದ ದುಡ್ಡು ಹಂಚಿಕೊಳ್ಳೋಣ, ನನಗೆ ಕೂಲಿ ಬೇಡ.

ಮನೆ ನಂ. 14
ಅಣ್ಣ, ಆ ಸಿಮೆಂಟ್ ಕೆತ್ತಲು ಈ ಸಲ ನಾನೇ ಕೂರುತ್ತೇನೆ. ಹೇಗೆ ಕೆತ್ತಬೇಕು ಅಂತ ಒಂದು ದಿನ ತೋರಿಸಿಕೊಡಿ, ಸಾಕು. ಆದರೆ ರಸ್ತೆ ಇನ್ನೂ ಎರಡು ಇಂಚು ಏರಿದರೆ ಇದೆಲ್ಲ ಮಾಡಿ ಏನು ಪ್ರಯೋಜನ?

ಮನೆ ನಂ. 27
ಅದಕ್ಕೇ ಅರ್ಜಿ ಮೊದಲು. ಎರಡೇ ಮಾತು ಬರೆಯೋಣ. ಹಳೇ ಡಾಂಬರನ್ನು ಕೆತ್ತಿ ತೆಗೆದ ಮೇಲೇ ಹೊಸದು ಹಾಕಬೇಕು. ರಸ್ತೆ ಚರಂಡಿ ಕಡೆಗೆ ಇಳಿಜಾರಾಗಿರಬೇಕು, ಮನೆ ಕಡೆಗಲ್ಲ. ಬಾಯಿಮಾತಿಗೆ ಬೆಲೆ ಇರಲ್ಲ, ಅಳತೆ ಬೇಕು. ಮೇಷ್ಟ್ರೇ, ಪಾರದರ್ಶಕ ಪೈಪ್‌ನಲ್ಲಿ ನೀರು ತುಂಬಿ ಮಟ್ಟ ನೋಡುತ್ತಾರಲ್ಲ, ಅದು ನಮ್ಮಿಂದ ಆಗುತ್ತದೆಯೇ?

ಮನೆ ನಂ. 31
ಖಂಡಿತ ಆಗುತ್ತದೆ. ಪೈಪಿನೊಳಗೆ ಗಾಳಿ ಗುಳ್ಳೆ ಇರಬಾರದು, ಅಷ್ಟೇ. ಒಂದು ತುದಿ ಹೊಸಿಲ ಹತ್ತಿರ, ಇನ್ನೊಂದು ರಸ್ತೆ ನಡುವೆ. ಎರಡು ಕಡೆಯ ನೀರೂ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಅಲ್ಲಿಂದ ಹೊಸಿಲಿಗೆ ಎಷ್ಟು, ರಸ್ತೆಗೆ ಎಷ್ಟು ಅಂತ ಟೇಪ್ ಹಿಡಿದು ಅಳೆದರೆ ವ್ಯತ್ಯಾಸ ಸಿಗುತ್ತದೆ. ಪ್ರತಿ ಮನೆಯದ್ದೂ ಬರೆದು, ಗೋಡೆಯ ಫೋಟೋ ಜೊತೆ ಲಗತ್ತಿಸೋಣ. ಹಳೇ ಮೆಟ್ಟಿಲು ಕಾಣುವ ಮದುವೆ, ನಾಮಕರಣದ ಫೋಟೋ ಯಾರ ಹತ್ತಿರ ಇದ್ದರೂ ಹುಡುಕಿಡಿ. ಭಾನುವಾರ ಬೆಳಿಗ್ಗೆ 7 ಗಂಟೆಗೆ 27ನೇ ಮನೆ ಜಗಲಿಯಲ್ಲಿ ಸೇರೋಣ.

ಮನೆ ನಂ. 9
ನಮ್ಮ ಅಜ್ಜಿ ಜಗಲಿ ಮೆಟ್ಟಿಲ ಮೇಲೆ ಕೂತಿರುವ ಫೋಟೋ ಇದೆ. ಮೂರು ಮೆಟ್ಟಿಲೂ ಸ್ಪಷ್ಟವಾಗಿ ಕಾಣುತ್ತವೆ. ಜಂತೆ ಕೆಳಗಿನ ಮಂಚವನ್ನು ಈಗಷ್ಟೇ ಆಚೆ ಕೋಣೆಗೆ ಹಾಕಿದೆವು.

ಮನೆ ನಂ. 5, ಮಹಡಿ
ಫಾಯಿಲ್ ಅಂಟಿಸಿದೆ ಸರ್. ಪೈಪ್ ನಮ್ಮ ಹತ್ತಿರ ಇದೆ, 50 ಅಡಿಯದು. ಭಾನುವಾರ ತರುತ್ತೇನೆ.